ಹೆಸರು ಒಬ್ಬರದು, ತಯಾರಿಕೆ ಇನ್ನೊಬ್ಬರದು: ನಾನಾರ ಕ್ಯಾಮೆರಾ ಕಲಿಸಿದ ವಾಣಿಜ್ಯ ಪಾಠ

ನಮ್ಮ ಮನೆಯಲ್ಲಿ ಮಾತನಾಡುವುದು ಉರ್ದು. ತಾಯಿಯ ತಂದೆಯನ್ನು ನಾವು ನಾನಾ ಎನ್ನುತ್ತೇವೆ. ನನ್ನ ನಾನಾ 1980ರ ದಶಕದ ಆರಂಭದಲ್ಲಿ ಜಿದ್ದಾದಲ್ಲಿ ದರ್ಜಿಯಾಗಿದ್ದರು. ಊರಿಗೆ ಮರಳುವಾಗ ಜೊತೆಗೆ ಕೆಲಸ ಮಾಡುತ್ತಿದ್ದವರೊಬ್ಬರಿಂದ ಒಂದು ಫಿಲ್ಮ್ ಕ್ಯಾಮೆರಾ ಕೊಂಡು ತಂದರು. ಅದರ ಮುಂಭಾಗದಲ್ಲಿ 'ವಿವಿಟಾರ್' ಎಂದು ಬರೆದಿತ್ತು. "ಜಪಾನ್ ಕ್ಯಾಮೆರಾ" ಎಂದು ಅವರು ಎಲ್ಲರಿಗೂ ಹೆಮ್ಮೆಯಿಂದ ಹೇಳಿದರು. ಆದರೆ ಮದುವೆಗೆ ಬಂದ ಸಂಬಂಧಿಕರೊಬ್ಬರು ಅದನ್ನು ನೋಡಿ, "ವಿವಿಟಾರ್ ಅಮೆರಿಕದ ಕಂಪನಿ. ಜಪಾನ್ ಎಲ್ಲಿಂದ ಬಂತು? ನಿಮಗೆ ಡುಪ್ಲಿಕೇಟ್ ಕೊಟ್ಟಿದ್ದಾರೆ" ಎಂದು ಎಲ್ಲರ ಎದುರು ನಕ್ಕರಂತೆ. ಅಂದಿನಿಂದ ಆ ಕ್ಯಾಮೆರಾ ಬೀರುವಿನಲ್ಲೇ ಉಳಿಯಿತು. ನನ್ನ ಅಮ್ಮಿಯ ಬಾಲ್ಯದ ಫೋಟೋಗಳು ಮನೆಯಲ್ಲಿ ಹೆಚ್ಚು ಇಲ್ಲದಿರಲು ಇದೂ ಒಂದು ಕಾರಣ.

ಈ ವರ್ಷ ವ್ಯವಹಾರ ಅಧ್ಯಯನದಲ್ಲಿ ಬ್ರ್ಯಾಂಡಿಂಗ್ ಮತ್ತು ಲೇಬಲಿಂಗ್ ಓದುವಾಗ ನನಗೆ ಆ ಕ್ಯಾಮೆರಾ ನೆನಪಾಯಿತು. ನಾನಾ ನಿಜವಾಗಿಯೂ ಮೋಸ ಹೋಗಿದ್ದರೇ? ತಿಳಿಯಲು ಹೊರಟೆ. ಆಗ ಸಿಕ್ಕ ಪಾಠವೇ ಈ ಲೇಖನ.

ವಿವಿಟಾರ್ ಯಾರು?

ಮ್ಯಾಕ್ಸ್ ಪಾಂಡರ್ ಮತ್ತು ಜಾನ್ ಬೆಸ್ಟ್ ಎಂಬ ಇಬ್ಬರು ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಬಂದವರು. 1938ರಲ್ಲಿ ಅವರು ಕ್ಯಾಲಿಫೋರ್ನಿಯಾದಲ್ಲಿ 'ಪಾಂಡರ್ ಅಂಡ್ ಬೆಸ್ಟ್' ಎಂಬ ಸಂಸ್ಥೆ ತೆರೆದರು. ಅದು ಕಾರ್ಖಾನೆಯಲ್ಲ, ಆಮದು ವ್ಯಾಪಾರ. ಮೊದಲು ಜರ್ಮನಿಯ ಸಾಮಾನು ತರಿಸುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಜಪಾನಿನ ಸಾಮಾನು ತರಿಸತೊಡಗಿದರು. ಮಾಮಿಯಾ, ಒಲಿಂಪಸ್ ಮುಂತಾದ ಕ್ಯಾಮೆರಾಗಳನ್ನು ಅಮೆರಿಕದಲ್ಲಿ ವಿತರಿಸಿದರು. ಆಮೇಲೆ ತಮ್ಮದೇ ಒಂದು ಹೆಸರು ಇರಲಿ ಎಂದು 'ವಿವಿಟಾರ್' ಎಂಬ ಬ್ರ್ಯಾಂಡ್ ಹುಟ್ಟುಹಾಕಿ, ಜಪಾನಿನ ಬೇರೆ ಬೇರೆ ಕಾರ್ಖಾನೆಗಳಿಂದ ಲೆನ್ಸ್, ಫ್ಲ್ಯಾಶ್, ಕ್ಯಾಮೆರಾಗಳನ್ನು ಆ ಹೆಸರಿನಲ್ಲಿ ಮಾಡಿಸಿಕೊಂಡರು.

ನಾನಾರ ಕ್ಯಾಮೆರಾದ ಮಾದರಿ 220/ಎಸ್‌ಎಲ್. ಅದನ್ನು ತಯಾರಿಸಿದ್ದು ಜಪಾನಿನ ನಗಾನೊ ಪ್ರಾಂತ್ಯದ ನಕಾನೊ ಎಂಬ ಊರಿನ ಕೊಸಿನಾ ಕಂಪನಿ. ಅಂದರೆ ಸಂಬಂಧಿಕರು ಹೇಳಿದ್ದೂ ಸರಿ, ನಾನಾ ಹೇಳಿದ್ದೂ ಸರಿ. ಹೆಸರು ಅಮೆರಿಕದ್ದು, ಕ್ಯಾಮೆರಾ ಜಪಾನಿನದು. ತಪ್ಪಾದದ್ದು 'ಡುಪ್ಲಿಕೇಟ್' ಎಂಬ ಒಂದು ಪದ ಮಾತ್ರ.

ಇದು ಒಬ್ಬರ ಕಥೆಯಲ್ಲ

ಆ ಕಾಲದಲ್ಲಿ ಹೀಗೆ ನಡೆಯುತ್ತಿದ್ದ ವ್ಯಾಪಾರ ತುಂಬಾ ಇತ್ತು. ಅಸಾಹಿ ಕಂಪನಿಯ ಪೆಂಟಾಕ್ಸ್ ಕ್ಯಾಮೆರಾಗಳು ಅಮೆರಿಕದಲ್ಲಿ 'ಹನಿವೆಲ್ ಪೆಂಟಾಕ್ಸ್' ಎಂದು ಮಾರಾಟವಾದವು. ಬೇರೆ ದೇಶಗಳಲ್ಲಿ ಎಸ್‌ವಿ ಎನ್ನುತ್ತಿದ್ದ ಮಾದರಿ ಅಲ್ಲಿ ಎಚ್3ವಿ ಆಯಿತು. ಸಿಯರ್ಸ್ ಎಂಬ ಅಮೆರಿಕದ ದೊಡ್ಡ ಅಂಗಡಿ ಸಂಸ್ಥೆ ರಿಕೋ ಕಂಪನಿಯಿಂದ ಮಾಡಿಸಿದ ಕ್ಯಾಮೆರಾಗಳನ್ನು ತನ್ನ ಹೆಸರಿನಲ್ಲಿ ಮಾರಿತು. ಜರ್ಮನಿಯಲ್ಲಿ ಫೋಟೋ ಕ್ವೆಲ್ಲೆ ಸಂಸ್ಥೆಯ 'ರೆವ್ಯೂ' ಇತ್ತು. ಆಸ್ಟ್ರೇಲಿಯಾದಲ್ಲಿ 'ಹ್ಯಾನಿಮೆಕ್ಸ್' ಇತ್ತು. ಈ ಕೊನೆಯ ಹೆಸರನ್ನು ಬಿಡಿಸಿ ನೋಡಿ: ಹ್ಯಾನ್ಸ್ ಎಂಬ ವ್ಯಾಪಾರಿಯ ಹೆಸರಿಗೆ ಇಂಪೋರ್ಟ್, ಎಕ್ಸ್‌ಪೋರ್ಟ್ ಎಂಬ ಪದಗಳ ತುಣುಕುಗಳನ್ನು ಸೇರಿಸಿದ್ದು. ನಾನು ಆಮದುದಾರ ಎಂದು ಹೆಸರೇ ಹೇಳುತ್ತದೆ.

ಇಬ್ಬರಿಗೂ ಏನು ಲಾಭ?

ಒಂದು ಊಹೆಯ ಲೆಕ್ಕ ಮಾಡೋಣ. ಒಂದು ಕಾರ್ಖಾನೆಯ ಸ್ಥಿರ ವೆಚ್ಚ ತಿಂಗಳಿಗೆ 6,00,000 ರೂಪಾಯಿ ಎಂದುಕೊಳ್ಳಿ. ಅದು ತಿಂಗಳಿಗೆ 1,000 ಕ್ಯಾಮೆರಾ ಮಾಡಬಲ್ಲದು, ಆದರೆ ತನ್ನ ಹೆಸರಿನಲ್ಲಿ 600 ಮಾತ್ರ ಮಾರಬಲ್ಲದು. ಆಗ ಒಂದು ಕ್ಯಾಮೆರಾದ ಮೇಲೆ ಬೀಳುವ ಸ್ಥಿರ ವೆಚ್ಚ 1,000 ರೂಪಾಯಿ. ಉಳಿದ 400 ಕ್ಯಾಮೆರಾಗಳನ್ನು ಆಮದುದಾರನ ಹೆಸರಿನಲ್ಲಿ ಮಾಡಿಕೊಟ್ಟರೆ ಅದು 600 ರೂಪಾಯಿಗೆ ಇಳಿಯುತ್ತದೆ. ಜಾಹೀರಾತು, ಅಂಗಡಿಗಳ ಜಾಲ, ದುರಸ್ತಿ ಸೇವೆ ಎಲ್ಲವನ್ನೂ ಆಮದುದಾರ ನೋಡಿಕೊಳ್ಳುತ್ತಾನೆ. ಆಮದುದಾರನಿಗೋ, ಕಾರ್ಖಾನೆ ಕಟ್ಟುವ ಬಂಡವಾಳ ಬೇಕಿಲ್ಲ. ಗ್ರಾಹಕನಿಗೆ ಕಡಿಮೆ ಬೆಲೆಗೆ ಒಳ್ಳೆಯ ವಸ್ತು ಸಿಗುತ್ತದೆ.

ಆದರೆ ಕಾರ್ಖಾನೆಗೆ ಒಂದು ನಷ್ಟವಿದೆ. ಜನರಿಗೆ ಅದರ ಹೆಸರು ತಿಳಿಯುವುದಿಲ್ಲ. 1955ರಲ್ಲಿ ಅಮೆರಿಕದ ಬುಲೋವಾ ಕಂಪನಿ ಜಪಾನಿನ ಅಕಿಯೊ ಮೊರಿಟಾ ಅವರಿಂದ ಒಂದು ಲಕ್ಷ ರೇಡಿಯೊ ಕೊಳ್ಳಲು ಮುಂದೆ ಬಂದಿತ್ತು. ಷರತ್ತು ಒಂದೇ: ಅದರ ಮೇಲೆ ಬುಲೋವಾ ಹೆಸರಿರಬೇಕು. ಮೊರಿಟಾ ಒಪ್ಪಲಿಲ್ಲ. ಅವರ ಕಂಪನಿಯ ಬ್ರ್ಯಾಂಡ್ ಇಂದು ಎಲ್ಲರಿಗೂ ಗೊತ್ತು, ಅದು ಸೋನಿ. ಕೊಸಿನಾ ಬೇರೆ ದಾರಿ ಹಿಡಿಯಿತು. ನಿಕಾನ್ ಎಫ್‌ಎಂ10, ಕ್ಯಾನನ್ ಟಿ60, ಒಲಿಂಪಸ್ ಒಎಂ-2000 ಈ ಮೂರನ್ನೂ ತಯಾರಿಸಿದ್ದು ಕೊಸಿನಾ. ದೊಡ್ಡ ಕಂಪನಿಗಳೂ ಅದರ ಬಾಗಿಲು ತಟ್ಟಿದವು. ಆದರೆ ನಮ್ಮಲ್ಲಿ ಎಷ್ಟು ಜನರಿಗೆ ಕೊಸಿನಾ ಗೊತ್ತು?

ನಕಲಿಗೂ ಇದಕ್ಕೂ ಏನು ವ್ಯತ್ಯಾಸ?

ಪರೀಕ್ಷೆಗೂ ಬದುಕಿಗೂ ಬೇಕಾದ ವ್ಯತ್ಯಾಸ ಇದು. ಇನ್ನೊಬ್ಬರ ಹೆಸರನ್ನು ಅವರ ಒಪ್ಪಿಗೆಯಿಲ್ಲದೆ ವಸ್ತುವಿನ ಮೇಲೆ ಹಾಕಿ ಮಾರುವುದು ನಕಲಿ. ನಮ್ಮ ದೇಶದ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಪ್ರಕಾರ ಅದು ಅಪರಾಧ. ತಯಾರಕನ ಒಪ್ಪಿಗೆಯಿಂದ ವ್ಯಾಪಾರಿ ತನ್ನದೇ ಹೆಸರು ಹಾಕುವುದು ಖಾಸಗಿ ಬ್ರ್ಯಾಂಡ್. ನಕಲಿ ಮಾಡುವವನು ಬೇರೆಯವರ ಮರ್ಯಾದೆಯನ್ನು ಕದಿಯುತ್ತಾನೆ. ಖಾಸಗಿ ಬ್ರ್ಯಾಂಡಿನವನು ತನ್ನ ಮರ್ಯಾದೆಯನ್ನೇ ಪಣಕ್ಕೆ ಇಡುತ್ತಾನೆ. ವಸ್ತು ಕೆಟ್ಟರೆ ಜನ ಬೈಯುವುದು ಅವನನ್ನೇ.

ಹಾಗೆಂದು ಇದರಲ್ಲಿ ದೋಷವೇ ಇಲ್ಲ ಎನ್ನಲಾಗದು. ವಿವಿಟಾರ್‌ನ ಸೀರೀಸ್ 1 ಸರಣಿಯ 70-210 ಲೆನ್ಸನ್ನು ಮೊದಲು ಕಿನೊ, ನಂತರ ಟೋಕಿನಾ, ಆಮೇಲೆ ಕೊಮಿನೆ ಕಂಪನಿಗಳು ಮಾಡಿದವು. ಹೊರಗಿನ ಹೆಸರು ಒಂದೇ, ಒಳಗಿನ ವಸ್ತು ಮೂರು. ಇದು ಕೊಳ್ಳುವವನಿಗೆ ಹೇಗೆ ತಿಳಿಯಬೇಕು? ಲೆನ್ಸಿನ ಕ್ರಮಸಂಖ್ಯೆಯಲ್ಲಿ ಒಂದು ಗುಟ್ಟಿದೆ. ಮೊದಲ ಎರಡು ಅಂಕಿ 22 ಆದರೆ ಕಿನೊ, 28 ಆದರೆ ಕೊಮಿನೆ, 37 ಆದರೆ ಟೋಕಿನಾ. ಆದರೆ ಸಾಮಾನ್ಯ ಗ್ರಾಹಕ ಇದನ್ನು ಓದಬಲ್ಲನೇ? ಸುಳ್ಳು ಹೇಳದಿರುವುದು ಒಂದು, ಪೂರ್ತಿ ಹೇಳುವುದು ಇನ್ನೊಂದು.

ಚಿನ್ನದ ಬಣ್ಣದ ಚೀಟಿ

ನಾನಾರ ಕ್ಯಾಮೆರಾವನ್ನು ಬೀರುವಿನಿಂದ ತೆಗೆದು ಒರೆಸಿದಾಗ ಅದರ ಮೇಲೆ ಚಿನ್ನದ ಬಣ್ಣದ ಸಣ್ಣ ಅಂಡಾಕಾರದ ಚೀಟಿ ಕಂಡಿತು. ಅದರ ಮೇಲೆ 'ಪಾಸ್ಡ್' ಎಂದಿತ್ತು. ಯುದ್ಧದ ನಂತರ ಜಪಾನಿನ ಸಾಮಾನು ಕಳಪೆ ಎಂಬ ಅಪವಾದ ಹೊರದೇಶಗಳಲ್ಲಿತ್ತು. ಅದನ್ನು ತೊಡೆಯಲು 1954ರಲ್ಲಿ ಜಪಾನ್ ಕ್ಯಾಮೆರಾ ತಪಾಸಣಾ ಸಂಸ್ಥೆ ಆರಂಭವಾಯಿತು. ರಫ್ತಾಗುವ ಕ್ಯಾಮೆರಾಗಳ ಗುಣಮಟ್ಟ ಪರೀಕ್ಷಿಸಿ ಈ ಚೀಟಿ ಅಂಟಿಸುತ್ತಿದ್ದರು. ಪ್ರಸಿದ್ಧ ಬ್ರ್ಯಾಂಡ್ ಆದರೂ ಆಮದುದಾರನ ಹೆಸರಾದರೂ ಚೀಟಿ ಒಂದೇ.

ನಾನಾರಿಗೆ ಈಗ ಕಣ್ಣು ಮಂಜು. ನಾನೇ ಚೀಟಿಯ ಮೇಲಿದ್ದುದನ್ನು ಓದಿ ಹೇಳಿದೆ. ಕೊಸಿನಾ, ನಕಾನೊ ಎಲ್ಲವನ್ನೂ ವಿವರಿಸಿದೆ. ಅವರು ಇನ್ನೊಮ್ಮೆ ಓದಿಸಿದರು. ನಂತರ ಕ್ಯಾಮೆರಾವನ್ನು ಕೈಗೆ ತೆಗೆದುಕೊಂಡು ಗುಂಡಿ ಒತ್ತಿದರು. ಬ್ಯಾಟರಿ ಇರಲಿಲ್ಲ, ಆದರೂ ಶಟರ್ ಟಕ್ ಎಂದಿತು. ಈ ಕ್ಯಾಮೆರಾದಲ್ಲಿ ಬ್ಯಾಟರಿ ಬೇಕಾಗಿರುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. "ನಲವತ್ತು ವರ್ಷ ಸುಮ್ಮನೆ ಇಟ್ಟೆನಲ್ಲ" ಎಂದಷ್ಟೇ ಹೇಳಿದರು.

ಗೆಳೆಯರೇ, ಹೆಸರು ಕೂಡ ಒಂದು ಸ್ವತ್ತು. ಅದನ್ನೂ ಮಾರಬಹುದು. ವಿವಿಟಾರ್ ಹೆಸರನ್ನು 2008ರಲ್ಲಿ ಇನ್ನೊಂದು ಕಂಪನಿ ಕೊಂಡುಕೊಂಡಿತು. ಹಾಗಾಗಿ ಇಂದಿನ ವಿವಿಟಾರ್ ನೋಡಿ ಅಂದಿನದನ್ನು ಅಳೆಯಲಾಗದು. ಇಂದು ಸಂಜೆ ಮನೆಯಲ್ಲಿರುವ ಒಂದು ಪೊಟ್ಟಣದ ಹಿಂಭಾಗ ಓದಿ ನೋಡಿ. ತಯಾರಿಸಿದವರು ಯಾರು, ಮಾರುವವರು ಯಾರು ಎಂದು ಬೇರೆ ಬೇರೆಯಾಗಿ ಮುದ್ರಿಸಿರುವ ಪೊಟ್ಟಣಗಳು ಬಹಳ ಸಿಗುತ್ತವೆ. ಎರಡೂ ಹೆಸರು ಓದಿದ ನಂತರವೇ ಅಸಲಿ, ನಕಲಿ ಎಂಬ ತೀರ್ಪು ಕೊಡೋಣ. ಗೊತ್ತಿಲ್ಲದೆ ಆಡಿದ ಒಂದು ಮಾತು ಒಬ್ಬರ ಕ್ಯಾಮೆರಾವನ್ನು ನಲವತ್ತು ವರ್ಷ ಬೀರುವಿನಲ್ಲಿ ಇಡಿಸಬಲ್ಲದು.