ಕುಸ್ವಾರ್ ಒಂದೇ ಬಗೆ ಸಾಕು



ಗಂಡ-ಹೆಂಡತಿ ಇಬ್ಬರಿಗೂ ಕೆಲಸ, ಮಕ್ಕಳ ಪರೀಕ್ಷೆ, ಕೊಯರ್ ಅಭ್ಯಾಸ, ಇದರ ಮೇಲೆ ಅಮ್ಮನ ಹಾಗೆ ಕಿಡಿಯೊ, ನೆವ್ರಿ ಅಂತ ಎಂಟು ಬಗೆ ಕ್ರಿಸ್‌ಮಸ್ ತಿಂಡಿಗಳ ಕುಸ್ವಾರ್! ದುಬೈನಲ್ಲಿ ಇಷ್ಟನ್ನೂ ನೀವೊಬ್ಬರೇ ಹೊತ್ತರೆ ರಾತ್ರಿ ಅಳು ಬರದೆ ಇನ್ನೇನು? ಇದು ನಿಮ್ಮ ಕೈಲಾಗದತನ ಖಂಡಿತ ಅಲ್ಲ.

ನಿಮ್ಮೂರು ಕಾಗದನಗರದಲ್ಲಿ ಅಮ್ಮನೂ ಒಬ್ಬರೇ ಮಾಡಲಿಲ್ಲ. ಅಕ್ಕಪಕ್ಕದ ಕ್ವಾರ್ಟರ್ಸ್‌ನವರೆಲ್ಲ ಕಿಡಿಯೊ ಸುತ್ತಲು ಕೂರುತ್ತಿದ್ದರೆಂದು ನೀವೇ ಬರೆದಿದ್ದೀರಿ. 1936ರಲ್ಲಿ ಸ್ಥಾಪನೆಯಾದ ಎಂಪಿಎಂ ಕಾಗದ ಕಾರ್ಖಾನೆ ಕಟ್ಟಿಕೊಟ್ಟ ನೆರೆಹೊರೆ ಅದು. ಉತ್ಪಾದನೆ ನಿಂತ ಮೇಲೆ ಎಷ್ಟೋ ಮನೆಗಳು ಖಾಲಿಯಾದವು. ಆ ನೆರೆಹೊರೆ ಚದುರಿದ ಮೇಲೆ ಅಮ್ಮ ಪದೇ ಪದೇ ಫೋನ್ ಮಾಡಿ ‘ನೆವ್ರಿ ಮಾಡಿದ್ಯಾ?’ ಎಂದು ಕೇಳುವುದು ತಪ್ಪು ಹುಡುಕಲು ಅಲ್ಲ, ಜೊತೆಗಿರಲು ಅಂತ ನನಗನ್ನಿಸುತ್ತದೆ.

ಈ ವರ್ಷ ಕಿಡಿಯೊ ಮಾತ್ರ ಮಾಡಿ. ಒಂದು ಶನಿವಾರ ಮೈದಾ ಹಿಟ್ಟು ತೆಂಗಿನಹಾಲಲ್ಲಿ ಕಲಸಿ, ಮಕ್ಕಳ ಕೈಗೆ ಫೋರ್ಕ್ ಕೊಡಿ. ಗೋಲಿಯಷ್ಟು ಹಿಟ್ಟನ್ನು ಅದರ ಬೆನ್ನಿಗೆ ಒತ್ತಿ ಸುತ್ತಿದರೆ ಗೆರೆ ಮೂಡುತ್ತದೆ, ಸೊಟ್ಟಗಾದರೂ ಕರಿಯಿರಿ. ಅಮ್ಮ ವಿಡಿಯೊದಲ್ಲಿ ಹೇಳಿಕೊಡಲಿ. ಕೇಕ್ ಬೇಕರಿಯಿಂದ ಬರಲಿ.

ದುಬೈನಲ್ಲಿ ಕ್ರಿಸ್‌ಮಸ್ ಸರ್ಕಾರಿ ರಜೆಯಲ್ಲ, ಈಗಲೇ ರಜೆ ಕೇಳಿಡಿ. ಊರಿನ ನಡುರಾತ್ರಿ ನಿಮಗೆ ಹತ್ತೂವರೆ. ಅಮ್ಮ ನಡುರಾತ್ರಿಯ ಪೂಜೆಗೆ ಹೊರಡುವ ಮೊದಲೇ ಎಲ್ಲರೂ ಮಾತಾಡಬಹುದು.

ಕೊಯರ್‌ಗೆ ಮಕ್ಕಳನ್ನು ಕರೆದೊಯ್ಯುವುದು, ಮನೆ ಶುಚಿ, ಈ ಎರಡನ್ನೂ ಪೂರ್ತಿ ಯಜಮಾನರಿಗೆ ಬಿಡಿ. ‘ಸಹಾಯ ಮಾಡಿ’ ಎನ್ನಬೇಡಿ, ‘ಇದು ನಿಮ್ಮದು’ ಎನ್ನಿ. ಇವತ್ತೇ ಹೇಳಿ.