ಹಲ್ಲುನೋವು: ಯಾವಾಗ ತಡಮಾಡಬಾರದು?

ಹಲ್ಲುನೋವು ಬಾರದವರು ವಿರಳ. ಬಂದಾಗ ಒಂದು ಲವಂಗ ಕಚ್ಚಿಕೊಂಡು, ಒಂದು ಮಾತ್ರೆ ನುಂಗಿ, ಸಂತೆ ಮುಗಿಯಲಿ, ಸುಗ್ಗಿ ಮುಗಿಯಲಿ, ಮದುವೆ ಮುಗಿಯಲಿ ಎಂದು ದಿನ ದೂಡುವವರೇ ಹೆಚ್ಚು. ಬಹಳ ಸಲ ಅದರಿಂದ ಪ್ರಾಣಕ್ಕೇನೂ ಆಗುವುದಿಲ್ಲ. ಆದರೆ ಕೆಲವು ಸಲ ಹಲ್ಲಿನ ಬುಡದ ಕೀವು ಕುತ್ತಿಗೆಗೆ ಇಳಿದು, ರೋಗಿಗೆ ಉಸಿರಾಡುವುದೇ ಕಷ್ಟವಾಗುತ್ತದೆ. ಯಾವ ನೋವಿಗೆ ಎರಡು ದಿನ ಕಾಯಬಹುದು, ಯಾವುದಕ್ಕೆ ಒಂದು ಗಂಟೆಯೂ ಕಾಯಬಾರದು ಎಂಬುದನ್ನು ರೋಗಿಗಳೂ ಅವರ ಜೊತೆ ಇರುವವರೂ ತಿಳಿದಿರಬೇಕು.

ನೋವು ಹೇಗೆ ಬೆಳೆಯುತ್ತದೆ?

ಹಲ್ಲಿನ ಹೊರಗೆ ಬಿಳಿಯ ಗಟ್ಟಿ ಪದರವಿದೆ. ಅದರೊಳಗೆ ಸ್ವಲ್ಪ ಹಳದಿ ಬಣ್ಣದ ಇನ್ನೊಂದು ಪದರ. ನಟ್ಟನಡುವೆ ನರ ಮತ್ತು ರಕ್ತನಾಳಗಳಿರುವ ಮೆತ್ತನೆಯ ತಿರುಳು ಇರುತ್ತದೆ. ಹುಳುಕು ಒಳಗೆ ಇಳಿದಂತೆ ನೋವಿನ ರೀತಿ ಬದಲಾಗುತ್ತದೆ.

1. ತಣ್ಣೀರು ಅಥವಾ ಸಿಹಿ ತಾಗಿದಾಗ ಜುಂ ಎಂದು ಕೂಡಲೇ ನಿಲ್ಲುವುದು: ತಿರುಳು ಇನ್ನೂ ಚೆನ್ನಾಗಿದೆ. ಹುಳುಕು ತೆಗೆದು ಹಲ್ಲು ತುಂಬಿಸಿದರೆ ಸಾಮಾನ್ಯವಾಗಿ ಸಾಕು.

2. ಬಿಸಿ ಚಹಾ ಕುಡಿದ ಮೇಲೂ ಬಹಳ ಹೊತ್ತು ಉಳಿಯುವ ನೋವು, ತಾನಾಗಿಯೇ ಶುರುವಾಗಿ ರಾತ್ರಿ ಎಬ್ಬಿಸುವ ನೋವು: ತಿರುಳು ಊದಿದೆ. ಗಟ್ಟಿ ಹಲ್ಲಿನೊಳಗೆ ಊದಲು ಜಾಗವಿಲ್ಲದ್ದರಿಂದ ತಲೆ ಸಿಡಿಯುವಷ್ಟು ನೋವು ಬರುತ್ತದೆ.

3. ಕಚ್ಚಿದರೆ ನೋವು, ಹಲ್ಲು ಉದ್ದವಾದಂತೆ ಅನಿಸುವುದು: ಸೋಂಕು ಬೇರಿನ ತುದಿ ದಾಟಿ ಮೂಳೆಗೆ ತಲುಪಿದೆ.

ನೋವು ನಿಂತರೆ ವಾಸಿಯಾಯಿತೇ?

ಹೆಚ್ಚು ಜನ ಮೋಸ ಹೋಗುವುದು ಇಲ್ಲಿಯೇ. ವಾರಗಟ್ಟಲೆ ಕಾಡಿದ ನೋವು ಒಂದು ದಿನ ತಟ್ಟನೆ ನಿಲ್ಲುತ್ತದೆ. ಔಷಧಿ ಹಿಡಿಯಿತು ಎಂದು ಸಮಾಧಾನವಾಗುತ್ತದೆ. ಎಷ್ಟೋ ಸಲ ಆಗಿರುವುದೇ ಬೇರೆ: ತಿರುಳು ಸತ್ತಿರುತ್ತದೆ. ಸತ್ತ ನರ ನೋಯುವುದಿಲ್ಲ, ಆದರೆ ಸೋಂಕು ಒಳಗೇ ಇರುತ್ತದೆ. ಕೆಲವು ದಿನ ಅಥವಾ ತಿಂಗಳ ನಂತರ ಅದೇ ಜಾಗದಲ್ಲಿ ಬಾವು ಬರಬಹುದು.

ಕೀವು ಮೂಳೆಯಿಂದ ಹೊರಬಿದ್ದಾಗ ಒತ್ತಡ ಇಳಿದು ನೋವು ಕಡಿಮೆಯಾಗುವುದೂ ಉಂಟು. ಆದ್ದರಿಂದ ನೋವು ಎಷ್ಟಿದೆ ಎಂಬುದೊಂದನ್ನೇ ಅಳತೆ ಮಾಡಬೇಡಿ. ಬಾವು, ಜ್ವರ, ಬಾಯಿ ತೆರೆಯುವುದು, ನುಂಗುವುದು, ಉಸಿರಾಟ – ಈ ಐದನ್ನೂ ನೋಡಿ.

ಒಂದೆರಡು ದಿನದಲ್ಲಿ ತೋರಿಸಬೇಕಾದದ್ದು

• ತಣ್ಣೀರಿಗೆ ಜುಂ ಎನ್ನುವುದು, ತುಂಬಿದ ಸಿಮೆಂಟು ಬಿದ್ದುಹೋಗಿರುವುದು
• ಬಾವು, ಜ್ವರ ಇಲ್ಲದ, ಮಾತ್ರೆಗೆ ಹಿಡಿತಕ್ಕೆ ಬರುವ ನೋವು
• ವಸಡಿನ ಮೇಲೆ ಗುಳ್ಳೆ ಎದ್ದು ಆಗಾಗ ಕೀವು ಬರುವುದು

ಅದೇ ದಿನ ತೋರಿಸಬೇಕಾದದ್ದು

• ಕೆನ್ನೆ ಅಥವಾ ದವಡೆ ಊದಿಕೊಂಡಿದ್ದರೆ
• ಹಲ್ಲುನೋವಿನ ಜೊತೆ ಜ್ವರ, ಚಳಿ ಇದ್ದರೆ
• ಮಾತ್ರೆ ತೆಗೆದುಕೊಂಡರೂ ನಿದ್ದೆಗೊಡದ ನೋವಿದ್ದರೆ
• ಬಾಯಿ ತೆರೆಯುವುದು ಕಡಿಮೆಯಾಗಿದ್ದರೆ

ಕೊನೆಯದನ್ನು ಮನೆಯಲ್ಲೇ ನೋಡಬಹುದು. ಸಾಮಾನ್ಯವಾಗಿ ದೊಡ್ಡವರ ಬಾಯಲ್ಲಿ ಅವರದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲುತ್ತವೆ. ನಿನ್ನೆ ಮೂರು ಬೆರಳು ಹಿಡಿಯುತ್ತಿದ್ದ ಬಾಯಿ ಇಂದು ಒಂದೇ ಬೆರಳು ಹಿಡಿದರೆ ಸೋಂಕು ಒಳಗಿನ ಸ್ನಾಯುಗಳ ಕಡೆ ಹರಡುತ್ತಿರಬಹುದು. ಬುದ್ಧಿಹಲ್ಲಿನ ಸೋಂಕಿನಲ್ಲಿ ಇದನ್ನು ಹೆಚ್ಚಾಗಿ ಕಾಣುತ್ತೇವೆ.

ಒಂದು ಗಂಟೆಯೂ ಕಾಯಬಾರದ್ದು

• ಉಸಿರಾಡಲು ಕಷ್ಟ, ಮಲಗಿದರೆ ಉಸಿರು ಕಟ್ಟುವುದು
• ಎಂಜಲು ನುಂಗಲಾಗದೆ ಜೊಲ್ಲು ಸುರಿಯುವುದು
• ಗಲ್ಲದ ಕೆಳಗೆ, ಕುತ್ತಿಗೆಯಲ್ಲಿ ಗಟ್ಟಿಯಾದ ಬಾವು. ನಾಲಿಗೆ ಮೇಲಕ್ಕೆ ಎತ್ತಿದಂತಾಗುವುದು
• ಮಾತು ತೊದಲುವುದು, ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡವರಂತೆ ದನಿ ಬದಲಾಗುವುದು
• ಬಾವು ಕಣ್ಣಿನವರೆಗೆ ಬಂದು ರೆಪ್ಪೆ ಮುಚ್ಚಿಕೊಳ್ಳುವುದು, ದೃಷ್ಟಿ ಮಂಜಾಗುವುದು
• ಮಂಪರು, ಗೊಂದಲದ ಮಾತು, ತೀವ್ರ ಸುಸ್ತು

ಕೆಳಗಿನ ದವಡೆ ಹಲ್ಲಿನ ಬೇರುಗಳು ನಾಲಿಗೆಯ ಕೆಳಗಿನ ಜಾಗಕ್ಕೆ ಹತ್ತಿರ ಇರುತ್ತವೆ. ಸೋಂಕು ಆ ಜಾಗದ ಎರಡೂ ಬದಿಗೆ ಹರಡಿದರೆ ನಾಲಿಗೆ ಹಿಂದಕ್ಕೂ ಮೇಲಕ್ಕೂ ತಳ್ಳಲ್ಪಟ್ಟು ಉಸಿರಿನ ದಾರಿ ಮುಚ್ಚುತ್ತದೆ. ಇದನ್ನು 1836ರಲ್ಲಿ ವಿವರಿಸಿದ ಜರ್ಮನ್ ವೈದ್ಯರ ಹೆಸರಿನಿಂದ ಲುಡ್ವಿಗ್ಸ್ ಆಂಜೈನಾ ಎನ್ನುತ್ತಾರೆ. ಆಂಟಿಬಯಾಟಿಕ್ ಔಷಧಿಗಳು ಬರುವ ಮುಂಚೆ ಇದು ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಉಳಿಯುತ್ತಿರಲಿಲ್ಲ. ಈಗ ಸಮಯಕ್ಕೆ ಬಂದವರಲ್ಲಿ ಬಹುಪಾಲು ಜನ ಗುಣವಾಗಿ ಮನೆಗೆ ಹೋಗುತ್ತಾರೆ. ಆದರೆ ಕೆಲವೇ ಗಂಟೆಗಳಲ್ಲಿ ಪರಿಸ್ಥಿತಿ ಕೈಮೀರಬಹುದು.

ಇಂಥ ಚಿಹ್ನೆ ಕಂಡರೆ ಬೆಳಿಗ್ಗೆ ಹಲ್ಲಿನ ಡಾಕ್ಟರು ಬರಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ, ದೊಡ್ಡ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆತನ್ನಿ. ರೋಗಿಯನ್ನು ಅಂಗಾತ ಮಲಗಿಸದೆ, ಸ್ವಲ್ಪ ಮುಂದೆ ಬಾಗಿಸಿ ಕೂರಿಸಿಕೊಂಡು ಬನ್ನಿ. ದಾರಿಯಲ್ಲಿ ತಿನ್ನಲು, ಕುಡಿಯಲು ಏನೂ ಕೊಡಬೇಡಿ. ಆಪರೇಷನ್ ಬೇಕಾಗಬಹುದು.

ಹಲ್ಲಿನದಲ್ಲದ ದವಡೆ ನೋವು

ನಡೆದಾಗ, ಮೆಟ್ಟಿಲು ಹತ್ತಿದಾಗ ಕೆಳದವಡೆ ನೋಯುವುದು, ಜೊತೆಗೆ ಎದೆ ಹಿಡಿತ, ಎಡಗೈ ಸೆಳೆತ, ಬೆವರು, ಉಬ್ಬಸ ಇದ್ದರೆ ಅದು ಹೃದಯದ ನೋವು ಇರಬಹುದು. ಆಗಲೂ ತಕ್ಷಣ ತುರ್ತು ವಿಭಾಗಕ್ಕೇ ಬನ್ನಿ.

ಆಸ್ಪತ್ರೆಗೆ ಬರುವ ತನಕ

• ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಿ.
• ದೊಡ್ಡವರು ಪ್ಯಾರಸಿಟಮಾಲ್ 500 ಮಿ.ಗ್ರಾಂ. ಒಂದು ಅಥವಾ ಎರಡು ಮಾತ್ರೆ ತೆಗೆದುಕೊಳ್ಳಬಹುದು. 6 ಗಂಟೆಯೊಳಗೆ ಮತ್ತೆ ಬೇಡ. ದಿನಕ್ಕೆ ಒಟ್ಟು 8 ಮಾತ್ರೆ ಮೀರಬಾರದು. ಲಿವರ್ ತೊಂದರೆ ಇರುವವರು, ಮದ್ಯ ಸೇವಿಸುವವರು ಮೊದಲು ಡಾಕ್ಟರನ್ನು ಕೇಳಬೇಕು. ಮಾತ್ರೆ ಜ್ವರವನ್ನು ಮರೆಮಾಡುತ್ತದೆ; ಅದಕ್ಕೆ ಮೊದಲೇ ಜ್ವರ ನೋಡಿ ಬರೆದಿಡಿ.
• ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಕೆನ್ನೆಯ ಹೊರಗೆ ಇಡಬಹುದು. ಬಾವಿನ ಮೇಲೆ ಬಿಸಿ ಶಾಖ ಕೊಡಬೇಡಿ.
• ಆಸ್ಪಿರಿನ್ ಮಾತ್ರೆ ಪುಡಿಮಾಡಿ ವಸಡಿಗೆ ಇಟ್ಟರೆ ಅಲ್ಲಿ ಸುಟ್ಟ ಗಾಯವಾಗುತ್ತದೆ. ಹೊಗೆಸೊಪ್ಪು, ಸೀಮೆಎಣ್ಣೆ ಇಡುವುದೂ ಬೇಡ.
• ಬಾವನ್ನು ಸೂಜಿಯಿಂದ ಚುಚ್ಚಬೇಡಿ.

ಮೆಡಿಕಲ್ ಶಾಪಿನಿಂದ ತಾವೇ ಆಂಟಿಬಯಾಟಿಕ್ ತಂದು ನುಂಗುವವರು ಒಂದು ವಿಷಯ ತಿಳಿಯಬೇಕು. ಔಷಧಿ ರಕ್ತದ ಮೂಲಕ ಹೋಗುತ್ತದೆ. ಸತ್ತ ತಿರುಳಿಗೆ ರಕ್ತವೇ ಹರಿಯದ ಕಾರಣ ಔಷಧಿ ಅಲ್ಲಿಗೆ ಮುಟ್ಟುವುದಿಲ್ಲ. ಕೀವು ಹೊರಗೆ ತೆಗೆದು, ರೂಟ್ ಕೆನಾಲ್ ಮಾಡಿಸಬೇಕು ಅಥವಾ ಹಲ್ಲು ಕೀಳಿಸಬೇಕು. ಬರೀ ಮಾತ್ರೆಯಿಂದ ಬಾವು ಇಳಿದರೂ ಮತ್ತೆ ಬರುತ್ತದೆ.

ಎರಡು ತಪ್ಪು ನಂಬಿಕೆಗಳು

"ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ" ಎನ್ನುವುದು ನಿಜವಲ್ಲ. ಕಣ್ಣಿನಿಂದ ಮೆದುಳಿಗೆ ಹೋಗುವ ದೃಷ್ಟಿಯ ನರವೇ ಬೇರೆ, ಹಲ್ಲಿನ ನರವೇ ಬೇರೆ. ನಿಜ ಹೇಳಬೇಕೆಂದರೆ, ಕೀವು ತುಂಬಿದ ಮೇಲಿನ ಹಲ್ಲನ್ನು ಹಾಗೇ ಬಿಟ್ಟರೆ ಸೋಂಕು ಕಣ್ಣಿನ ಕಡೆ ಹರಡಬಹುದು.

"ಹೊಗೆ ಹಾಕಿದರೆ ಹಲ್ಲಿನ ಹುಳು ಉದುರುತ್ತದೆ" ಎನ್ನುವುದೂ ಸುಳ್ಳು. ಹಲ್ಲು ಹುಳುಕಾಗುವುದು ಹುಳುವಿನಿಂದ ಅಲ್ಲ. ಸಕ್ಕರೆ ಅಂಶವನ್ನು ಆಮ್ಲವಾಗಿ ಮಾಡುವ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾದಿಂದ ಹಲ್ಲು ಕರಗುತ್ತದೆ.

ಇವರು ಇನ್ನೂ ಬೇಗ ಬರಬೇಕು

ಸಕ್ಕರೆ ಕಾಯಿಲೆ ಇರುವವರಲ್ಲಿ ಸೋಂಕು ಬೇಗ ಹರಡುತ್ತದೆ. ಸೋಂಕಿನಿಂದ ಸಕ್ಕರೆಯೂ ಏರುತ್ತದೆ. ಕ್ಯಾನ್ಸರ್ ಚಿಕಿತ್ಸೆ, ಡಯಾಲಿಸಿಸ್, ಸ್ಟೀರಾಯ್ಡ್ ಮಾತ್ರೆಯಲ್ಲಿರುವವರು, ಹೃದಯದ ಕವಾಟ ಬದಲಿಸಿಕೊಂಡವರು ಸಣ್ಣ ಬಾವನ್ನೂ ಅಲಕ್ಷಿಸಬಾರದು. ಗರ್ಭಿಣಿಯರು ಹೆರಿಗೆಯ ತನಕ ಕಾಯಬೇಕಿಲ್ಲ. ತುರ್ತು ಇದ್ದರೆ ಯಾವ ತಿಂಗಳಲ್ಲಾದರೂ ಚಿಕಿತ್ಸೆ ಮಾಡಬಹುದು. ಎಷ್ಟು ತಿಂಗಳು ಎಂದು ಮೊದಲೇ ಹೇಳಿ. ಮಗು ಮುಖ ಊದಿಸಿಕೊಂಡು ಹಾಲು, ನೀರು ಬಿಟ್ಟಿದ್ದರೆ "ಹಾಲುಹಲ್ಲು ತಾನೇ, ಬಿದ್ದುಹೋಗುತ್ತದೆ" ಎಂದು ಸುಮ್ಮನಿರಬೇಡಿ.

ಜೊತೆ ಬರುವವರು ಹೇಳಬೇಕಾದದ್ದು

ನೋವು ಯಾವಾಗ ಶುರುವಾಯಿತು, ಬಾವು ಯಾವಾಗ ಬಂತು, ಜ್ವರ ಎಷ್ಟಿತ್ತು, ಯಾವ ಮಾತ್ರೆ ಎಷ್ಟು ಗಂಟೆಗೆ ಕೊಟ್ಟಿರಿ, ಯಾವ ಔಷಧಿ ಒಗ್ಗುವುದಿಲ್ಲ – ಇಷ್ಟನ್ನು ಹೇಳಿದರೆ ಬಹಳ ಉಪಕಾರ. ಹಳೆಯ ಚೀಟಿ, ಮಾತ್ರೆಗಳನ್ನೂ ತನ್ನಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬೇಡಿ. ಅದನ್ನು ತೆಗೆದುಕೊಳ್ಳುತ್ತಿರುವುದನ್ನು ಡಾಕ್ಟರಿಗೆ ತಿಳಿಸಿ.

ಬೇರೆ ಕಾಯಿಲೆಗೆಂದು ವಾರ್ಡಿನಲ್ಲಿ ಮಲಗಿರುವ ನಿಮ್ಮವರಿಗೆ ಹಲ್ಲುನೋವು ಬಂದರೆ, "ಸಣ್ಣ ವಿಷಯ, ಸಿಸ್ಟರಿಗೆ ಯಾಕೆ ತೊಂದರೆ" ಎಂದು ಸಂಕೋಚಪಡಬೇಡಿ. ರಾತ್ರಿ ಎರಡು ಗಂಟೆಯಾದರೂ ಸರಿ, ಬಂದು ಹೇಳಿ. ಆಗ ನೋಡಿದರೆ ಸಣ್ಣದರಲ್ಲೇ ಮುಗಿಯುತ್ತದೆ.