ಆನ್‌ಲೈನ್ ಪದವಿ: ಶುಲ್ಕ ಪಾವತಿಗೆ ಮುನ್ನ ಪರಿಶೀಲನೆ

ಯಾದಗಿರಿಯ ಬೇಳೆ ಗಿರಣಿಗಳಲ್ಲಾಗಲಿ, ಶಹಾಪುರ ಮತ್ತು ಸುರಪುರದ ಹತ್ತಿ ವ್ಯಾಪಾರದಲ್ಲಾಗಲಿ ಲೆಕ್ಕಪತ್ರ ನೋಡಿಕೊಳ್ಳುವ ಯುವಜನರಿಗೆ ಉನ್ನತ ವ್ಯಾಸಂಗವೆಂದರೆ ದುಡಿಮೆಯನ್ನು ಬಿಟ್ಟು ಊರು ತೊರೆಯುವುದೆಂದೇ ಅರ್ಥವಿತ್ತು. ಅಂಚೆ ತೆರಪಿನ ಶಿಕ್ಷಣವು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ನೀಗಿಸಿತು. ಆನ್‌ಲೈನ್ ಶಿಕ್ಷಣವು ಅದನ್ನು ಇನ್ನಷ್ಟು ಸುಲಭಗೊಳಿಸಿದೆ.

ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆ 2017ರ ಜುಲೈನಲ್ಲಿ ಆರಂಭವಾಯಿತು. 2021ರ ನಿಯಮಾವಳಿಯ ಪ್ರಕಾರ ಕಾಲೇಜು ವಿದ್ಯಾರ್ಥಿಯು ಒಂದು ಸೆಮಿಸ್ಟರಿನ ಶೇ. 40ರಷ್ಟು ವಿಷಯಗಳನ್ನು ಈ ವೇದಿಕೆಯ ಮೂಲಕ ಕಲಿಯಲು ವಿಶ್ವವಿದ್ಯಾಲಯವು ಅವಕಾಶ ನೀಡಬಹುದು. ಮಾನ್ಯತೆ ಪಡೆದ ಆನ್‌ಲೈನ್ ಹಾಗೂ ದೂರ ಶಿಕ್ಷಣದ ಪದವಿಗಳು ತರಗತಿಯ ಪದವಿಗಳಿಗೆ ಸಮಾನವೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2022ರಲ್ಲಿ ಸ್ಪಷ್ಟಪಡಿಸಿದೆ. ಇಲ್ಲಿ ಮುಖ್ಯವಾದುದು ‘ಮಾನ್ಯತೆ ಪಡೆದ’ ಎಂಬ ಮಾತು.

ಇದರ ಮಹತ್ವವನ್ನು ಕರ್ನಾಟಕವು ಅನುಭವದಿಂದ ಅರಿತಿದೆ. 1996ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2012–13ರ ನಂತರ ಮಾನ್ಯತೆ ಇಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿತು. ರಾಜ್ಯದ ಹೊರಗೆ ಶಿಕ್ಷಣಕ್ರಮಗಳನ್ನು ನಡೆಸಿದ್ದು ಪ್ರಮುಖ ಆಕ್ಷೇಪವಾಗಿತ್ತು. 2018–19ರಿಂದ ಮಾನ್ಯತೆ ಮರಳಿತಾದರೂ ನಡುವಿನ ವರ್ಷಗಳಲ್ಲಿ ಪ್ರವೇಶ ಪಡೆದವರು ಅನಿಶ್ಚಿತತೆಗೆ ಸಿಲುಕಿದರು. ಸಂಸ್ಥೆ ಸರ್ಕಾರದ್ದೆಂಬ ಭರವಸೆಯೊಂದೇ ಸಾಲದು. ಯಾವ ಕೋರ್ಸಿಗೆ, ಯಾವ ವರ್ಷಕ್ಕೆ ಮಾನ್ಯತೆ ಇದೆ ಎಂಬುದನ್ನೂ ನೋಡಬೇಕು.

ಶುಲ್ಕ ಕಟ್ಟುವ ಮುನ್ನ ಗಮನಿಸಬೇಕಾದ ಅಂಶಗಳು:

1. ಯುಜಿಸಿಯ ದೂರ ಶಿಕ್ಷಣ ವಿಭಾಗದ ಜಾಲತಾಣದಲ್ಲಿ ಸಂಸ್ಥೆ, ಕೋರ್ಸು ಹಾಗೂ ವರ್ಷ ಮೂರೂ ಇರಬೇಕು.

2. ಇಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು ಪದವಿಗಳಿಗೆ ಆನ್‌ಲೈನ್ ಅನುಮತಿಯಿಲ್ಲ. ಯಾರಾದರೂ ಇಂತಹ ಪದವಿ ಕೊಡುವುದಾಗಿ ಹೇಳಿದರೆ ನಂಬಬಾರದು.

3. ಫ್ರಾಂಚೈಸಿ ಮೂಲಕ ಪದವಿ ನೀಡುವುದಕ್ಕೆ ನಿಷೇಧವಿದೆ. ಹಣ ನೇರವಾಗಿ ವಿಶ್ವವಿದ್ಯಾಲಯದ ಖಾತೆಗೆ ಸಂದಾಯವಾಗಲಿ.

4. ರಶೀದಿಯನ್ನು ಓದಬೇಕು. ಕಾನೂನಿನ ಮಾನ್ಯತೆಯುಳ್ಳ ಪದವಿಗಾಗಿ ಶಿಕ್ಷಣ ಸಂಸ್ಥೆ ವಿದ್ಯಾರ್ಥಿಗೆ ನೀಡುವ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ಖಾಸಗಿ ತರಬೇತಿಗೆ ಶೇ. 18 ತೆರಿಗೆ ಇದೆ. ‘ಪದವಿ ಶುಲ್ಕ’ದ ಮೇಲೆ ತೆರಿಗೆ ಹಾಕಿದ್ದರೆ ಹಣ ಯಾವುದಕ್ಕೆ ಸಲ್ಲುತ್ತಿದೆ ಎಂದು ಕೇಳಬೇಕು.

ತರಬೇತಿಯ ಪ್ರಮಾಣಪತ್ರಕ್ಕೂ ಬೆಲೆಯಿದೆ. ಟ್ಯಾಲಿ ಅಥವಾ ಜಿಎಸ್‌ಟಿ ವಿವರಣಪತ್ರದ ಕೆಲಸ ಕಲಿತ ಗುಮಾಸ್ತನು ಅಂಗಡಿಗೆ ಆಸ್ತಿಯೇ. ಆದರೆ ಅದು ಪದವಿಯಲ್ಲ. ಸರಕು ಕೊಳ್ಳುವಾಗ ತೂಕ ಮತ್ತು ಗುಣಮಟ್ಟ ನೋಡುವ ವರ್ತಕರು ಮಕ್ಕಳ ಮತ್ತು ನೌಕರರ ವ್ಯಾಸಂಗಕ್ಕೆ ಹಣ ಹೂಡುವಾಗಲೂ ಅದೇ ಎಚ್ಚರ ವಹಿಸುವುದು ಉಚಿತ. ಕಳೆದ ಹಣವನ್ನು ಮತ್ತೆ ಗಳಿಸಬಹುದು. ಅಮಾನ್ಯ ಪದವಿಗಾಗಿ ಕಳೆದ ಮೂರು ವರ್ಷಗಳು ಮರಳಿ ಬಾರವು.